ವಿಹಾರ ನೌಕೆಯಲ್ಲಿ ಗಾಯಗೊಂಡವರಿಗೆ ನ್ಯಾಯ ಎಲ್ಲಿ? ಟಿಕೆಟ್ಟಿನ ಸಣ್ಣ ಅಕ್ಷರಗಳಲ್ಲಿದೆ ಉತ್ತರ

ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಪತಿಯೊಂದು ತಮ್ಮ ಊರಿನ ಟ್ರಾವೆಲ್ ಏಜೆಂಟರ ಮೂಲಕ ಏಳು ದಿನಗಳ ಸಮುದ್ರಯಾನಕ್ಕೆ ಟಿಕೆಟ್ ಕೊಂಡಿತು. ಹಣ ಫ್ಲಾರಿಡಾದ ಮಯಾಮಿಯಲ್ಲಿದ್ದ ಕಂಪೆನಿಯ ಕಚೇರಿಗೆ ಹೋಯಿತು, ಟಿಕೆಟ್ ಅಂಚೆಯಲ್ಲಿ ಮನೆಗೆ ಬಂತು. ಲಾಸ್ ಏಂಜಲೀಸ್‌ನಲ್ಲಿ ಅವರು ಹಡಗು ಹತ್ತಿದರು. ಮೆಕ್ಸಿಕೊ ಕರಾವಳಿಯಾಚೆಯ ಅಂತರರಾಷ್ಟ್ರೀಯ ಜಲಪ್ರದೇಶದಲ್ಲಿ ಹಡಗು ಸಾಗುತ್ತಿದ್ದಾಗ ಪ್ರಯಾಣಿಕರಿಗೆ ಅಡುಗೆಮನೆಯನ್ನು ತೋರಿಸುವ ಕಾರ್ಯಕ್ರಮವಿತ್ತು. ಅಲ್ಲಿ ಹಾಸಿದ್ದ ಚಾಪೆಯ ಮೇಲೆ ಕಾಲು ಜಾರಿ ಪತ್ನಿ ಬಿದ್ದು ಗಾಯಗೊಂಡರು. ಊರಿಗೆ ಮರಳಿ, ತಮ್ಮದೇ ರಾಜ್ಯದ ನ್ಯಾಯಾಲಯದಲ್ಲಿ ಪರಿಹಾರ ಕೋರಿ ದಾವೆ ಹೂಡಿದರು.

ಈ ಸಾಮಾನ್ಯ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಚರ್ಚೆಯಾದದ್ದು ಚಾಪೆಯ ವಿಷಯವಲ್ಲ, ಗಾಯದ ವಿಷಯವೂ ಅಲ್ಲ. ಟಿಕೆಟ್ಟಿನಲ್ಲಿ ಅಚ್ಚಾಗಿದ್ದ 25 ಷರತ್ತುಗಳ ಪೈಕಿ ಎಂಟನೆಯದು ಮಾತ್ರ. ಯಾವುದೇ ವ್ಯಾಜ್ಯವಿದ್ದರೂ ಫ್ಲಾರಿಡಾ ರಾಜ್ಯದ ನ್ಯಾಯಾಲಯದಲ್ಲಿಯೇ ಇತ್ಯರ್ಥವಾಗಬೇಕು ಎಂದು ಅದು ಹೇಳುತ್ತಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ಏಳು ನ್ಯಾಯಮೂರ್ತಿಗಳ ಬಹುಮತದಿಂದ ಆ ಷರತ್ತನ್ನು ಎತ್ತಿಹಿಡಿಯಿತು. 'ಕಾರ್ನಿವಲ್ ಕ್ರೂಸ್ ಲೈನ್ಸ್ ವಿರುದ್ಧ ಶೂಟ್' ಎಂದು ಹೆಸರಾದ ಈ ತೀರ್ಪು ಇಂದಿಗೂ ವಿಹಾರ ನೌಕೆಗಳ ಕಾನೂನಿನ ಬುನಾದಿಯಾಗಿ ಉಳಿದಿದೆ.

ಭಾರತದ ಮಧ್ಯಮ ವರ್ಗದವರೂ ಈಗ ಸಿಂಗಪುರ, ದುಬೈ, ಮಯಾಮಿ, ಬಾರ್ಸಿಲೋನಾಗಳಿಂದ ಹೊರಡುವ ವಿಹಾರ ನೌಕೆಗಳನ್ನು ಹತ್ತುತ್ತಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ತಂದೆತಾಯಿಯರನ್ನು ಕೆರಿಬಿಯನ್ ದ್ವೀಪಗಳ ಯಾತ್ರೆಗೆ ಕರೆದೊಯ್ಯುವುದು ಕನ್ನಡಿಗರ ಮನೆಗಳಲ್ಲಿಯೂ ಹೊಸ ಸುದ್ದಿಯಲ್ಲ. ಒದ್ದೆ ನೆಲದಲ್ಲಿ ಜಾರುವುದು, ಭಾರವಾದ ಬಾಗಿಲಿಗೆ ಬೆರಳು ಸಿಕ್ಕಿಕೊಳ್ಳುವುದು, ಮೆಟ್ಟಿಲು ತಪ್ಪಿ ಸೊಂಟ ಮುರಿಯುವುದು ವಯಸ್ಸಾದವರಿಗೆ ಸಣ್ಣ ಸಂಗತಿಗಳಲ್ಲ. ಇಂಥ ಸಂದರ್ಭದಲ್ಲಿ ಕಾನೂನು ಯಾರ ಕೈ ಹಿಡಿಯುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಹಡಗು ಹತ್ತುವ ಮೊದಲೇ ತಿಳಿದಿರುವುದು ಒಳ್ಳೆಯದು.

ಟಿಕೆಟ್ ಎಂಬ ಕರಾರುಪತ್ರ

ಬಸ್ಸಿನ ಟಿಕೆಟ್ ಹಣ ಕೊಟ್ಟದ್ದಕ್ಕೆ ರಸೀದಿ. ಆದರೆ ವಿಹಾರ ನೌಕೆಯ ಟಿಕೆಟ್ ಹಲವು ಪುಟಗಳ ಕರಾರುಪತ್ರ. ಮುಂಗಡ ಕಾಯ್ದಿರಿಸುವಾಗ ಕಂಪ್ಯೂಟರ್ ಪರದೆಯ ಮೇಲೆ 'ಒಪ್ಪಿದ್ದೇನೆ' ಎಂದು ಒತ್ತಿದ ಕ್ಷಣದಲ್ಲಿ ಪ್ರಯಾಣಿಕರು ಆ ಎಲ್ಲ ಷರತ್ತುಗಳಿಗೂ ಸಹಿ ಹಾಕಿದಂತೆಯೇ ಸರಿ. ಓದಿಲ್ಲ ಎಂಬ ಸಬೂಬನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಶೂಟ್ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಇದಕ್ಕೆ ಕಾರಣಗಳನ್ನು ಕೊಟ್ಟಿದ್ದಾರೆ. ಒಂದೇ ಹಡಗಿನಲ್ಲಿ ನಾನಾ ಊರುಗಳ ಜನರಿರುತ್ತಾರೆ. ಒಂದು ಅಪಘಾತವಾದರೆ ಕಂಪೆನಿ ಹತ್ತಾರು ಕಡೆ ಮೊಕದ್ದಮೆ ಎದುರಿಸಬೇಕಾದೀತು. ಎಲ್ಲಿ ದಾವೆ ಹೂಡಬೇಕೆಂಬುದು ಮೊದಲೇ ನಿಗದಿಯಾದರೆ ಗೊಂದಲ ತಪ್ಪುತ್ತದೆ, ಖರ್ಚು ಉಳಿಯುತ್ತದೆ, ಉಳಿದ ಹಣ ಟಿಕೆಟ್ ದರದಲ್ಲಿ ಪ್ರಯಾಣಿಕರಿಗೇ ಸಿಗುತ್ತದೆ ಎಂಬುದು ಅವರ ವಾದ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಇದನ್ನು ಒಪ್ಪಲಿಲ್ಲ. ಆ ಟಿಕೆಟ್ಟಿನ ಅಚ್ಚಿನ ಪ್ರತಿಯನ್ನೇ ತಮ್ಮ ತೀರ್ಪಿಗೆ ಲಗತ್ತಿಸಿ, ಇಷ್ಟು ಸಣ್ಣ ಅಕ್ಷರಗಳ ನಡುವೆ ಈ ಷರತ್ತನ್ನು ಗಮನಿಸುವವರು ಅತಿ ಸೂಕ್ಷ್ಮ ಪ್ರಯಾಣಿಕರು ಮಾತ್ರ ಎಂಬ ಅಭಿಪ್ರಾಯ ದಾಖಲಿಸಿದರು. ಆದರೆ ಕಾನೂನಾಗಿ ನಿಂತದ್ದು ಬಹುಮತದ ಮಾತು.

ಈ ಕಾರಣದಿಂದಲೇ ಅಮೆರಿಕದ ದೊಡ್ಡ ನೌಕಾ ಕಂಪೆನಿಗಳ ಟಿಕೆಟ್‌ಗಳು ಮಯಾಮಿಯ ಫೆಡರಲ್ ನ್ಯಾಯಾಲಯದತ್ತ ಬೆರಳು ತೋರಿಸುತ್ತವೆ. ಕಾರ್ನಿವಲ್ ಕಂಪೆನಿ ನೋಂದಣಿಯಾದದ್ದು ಪನಾಮಾದಲ್ಲಿ, ರಾಯಲ್ ಕೆರಿಬಿಯನ್ ನೋಂದಣಿಯಾದದ್ದು ಲೈಬೀರಿಯಾದಲ್ಲಿ. ಹಡಗುಗಳ ಮೇಲೆ ಹಾರುವ ಧ್ವಜ ಬಹಾಮಾಸ್‌ನದೋ ಪನಾಮಾದದೋ ಇರುತ್ತದೆ. ಆದರೆ ವ್ಯವಹಾರದ ಕೇಂದ್ರ ಮಯಾಮಿ. ಅಲಾಸ್ಕಾದ ಹಿಮದ ನಡುವೆ ಬಿದ್ದವರೂ ಕೆರಿಬಿಯನ್ ಬಿಸಿಲಿನಲ್ಲಿ ಬಿದ್ದವರೂ ಹೋಗಬೇಕಾದದ್ದು ಅಲ್ಲಿಗೇ. ಬೇರೆ ದೇಶಗಳಿಂದ ಹೊರಡುವ ಯಾನಗಳಿಗೆ ಇದೇ ಕಂಪೆನಿಗಳು ಬೇರೆ ಊರಿನ ನ್ಯಾಯಾಲಯವನ್ನು ಗೊತ್ತುಪಡಿಸಿರಬಹುದು. ಆದ್ದರಿಂದ ತಮ್ಮ ಟಿಕೆಟ್ಟಿನಲ್ಲಿ ಯಾವ ಊರಿನ ಹೆಸರಿದೆ ಎಂಬುದನ್ನು ಪ್ರತಿಯೊಬ್ಬರೂ ಸ್ವತಃ ನೋಡಿಕೊಳ್ಳಬೇಕು.

ಒಂದು ವರ್ಷದ ಗಡುವು

ಊರಿಗಿಂತಲೂ ಹೆಚ್ಚು ಜನರನ್ನು ಬೀಳಿಸುವುದು ದಿನಗಳ ಲೆಕ್ಕ. ಅಮೆರಿಕದ ಸಾಮಾನ್ಯ ನೌಕಾ ಕಾನೂನಿನ ಪ್ರಕಾರ ದೇಹಕ್ಕಾದ ಗಾಯದ ಬಗ್ಗೆ ದಾವೆ ಹೂಡಲು ಮೂರು ವರ್ಷಗಳ ಕಾಲಾವಕಾಶವಿದೆ. ಆದರೆ ಕರಾರಿನ ಮೂಲಕ ಈ ಅವಧಿಯನ್ನು ಕಡಿತಗೊಳಿಸಲು ಕಂಪೆನಿಗಳಿಗೆ ಅವಕಾಶವೂ ಇದೆ. ಅಮೆರಿಕದ ಬಂದರಿಗೆ ಸಂಬಂಧಪಟ್ಟ ಯಾನಗಳಲ್ಲಿ ಲಿಖಿತ ನೋಟಿಸ್ ನೀಡಲು ಆರು ತಿಂಗಳಿಗಿಂತ ಕಡಿಮೆ, ದಾವೆ ಹೂಡಲು ಒಂದು ವರ್ಷಕ್ಕಿಂತ ಕಡಿಮೆ ಅವಧಿಯನ್ನು ನಿಗದಿಪಡಿಸುವಂತಿಲ್ಲ ಎಂಬುದಷ್ಟೇ ಕಾನೂನಿನ ತಡೆ. ಕಂಪೆನಿಗಳು ಈ ಕನಿಷ್ಠವನ್ನೇ ತಮ್ಮ ನಿಯಮವಾಗಿ ಮಾಡಿಕೊಂಡಿವೆ. ಆರು ತಿಂಗಳೊಳಗೆ ನೋಟಿಸ್, ಒಂದು ವರ್ಷದೊಳಗೆ ದಾವೆ. ಅಪಘಾತದ ವಿಷಯ ಕಂಪೆನಿಗೆ ಮೊದಲೇ ತಿಳಿದಿದ್ದು, ಅದಕ್ಕೆ ತೊಂದರೆಯಾಗದಿದ್ದರೆ ನೋಟಿಸ್ ತಡವಾದದ್ದನ್ನು ನ್ಯಾಯಾಲಯ ಮನ್ನಿಸಬಹುದು. ದಾವೆಯ ಗಡುವಿನಲ್ಲಿ ಅಂಥ ಉದಾರತೆಯನ್ನು ನಿರೀಕ್ಷಿಸುವಂತಿಲ್ಲ. ಅಪ್ರಾಪ್ತ ವಯಸ್ಸಿನ ಮಕ್ಕಳ ವಿಷಯದಲ್ಲಿ ಮಾತ್ರ ಸ್ವಲ್ಪ ವಿನಾಯಿತಿಯುಂಟು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಶಸ್ತ್ರಚಿಕಿತ್ಸೆ, ವಿಶ್ರಾಂತಿ, ಫಿಸಿಯೋಥೆರಪಿ ಎಂದು ಎಂಟು ತಿಂಗಳು ಕಳೆಯುತ್ತವೆ. ಈ ಮಧ್ಯೆ ಕಂಪೆನಿಯ ಕ್ಲೇಮ್ ವಿಭಾಗದೊಂದಿಗೆ ಪತ್ರವ್ಯವಹಾರ ಸೌಜನ್ಯದಿಂದಲೇ ಸಾಗುತ್ತಿರುತ್ತದೆ. ಇನ್ನೊಂದು ದಾಖಲೆ ಕಳಿಸಿ, ಪರಿಶೀಲಿಸುತ್ತಿದ್ದೇವೆ ಎಂಬ ಉತ್ತರಗಳು ಬರುತ್ತವೆ. ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಗಡುವು ನಿಲ್ಲುವುದಿಲ್ಲ. ಹದಿಮೂರನೆಯ ತಿಂಗಳಲ್ಲಿ ವಕೀಲರ ಬಾಗಿಲು ತಟ್ಟಿದರೆ, ಮುರಿದ ಮೂಳೆ ನಿಜ, ಕಂಪೆನಿಯ ತಪ್ಪೂ ನಿಜ, ಆದರೂ ದಾವೆ ಹೊಸ್ತಿಲು ದಾಟುವುದಿಲ್ಲ. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಹಾಗೆಂದು ಕರಾರು ಎಲ್ಲವನ್ನೂ ಕಸಿದುಕೊಳ್ಳಲಾರದು. ತಮ್ಮ ನಿರ್ಲಕ್ಷ್ಯದಿಂದ ಪ್ರಯಾಣಿಕರಿಗೆ ಗಾಯವಾದರೂ ತಾವು ಹೊಣೆಯಲ್ಲ ಎಂದು ಟಿಕೆಟ್ಟಿನಲ್ಲಿ ಬರೆದುಕೊಂಡರೆ, ಅಮೆರಿಕದ ಬಂದರಿಗೆ ಸಂಬಂಧಪಟ್ಟ ಯಾನಗಳಲ್ಲಿ ಅಂಥ ಷರತ್ತು ಅನೂರ್ಜಿತ. ಎಲ್ಲಿ, ಎಷ್ಟು ದಿನದೊಳಗೆ ಎಂಬುದನ್ನು ಕಂಪೆನಿ ನಿರ್ಧರಿಸಬಹುದು. ಹೊಣೆಯನ್ನೇ ಕೊಡವಿಕೊಳ್ಳುವಂತಿಲ್ಲ. ಸಿಂಗಪುರದಿಂದ ಹೊರಟು ಅಮೆರಿಕದ ದಡವನ್ನೇ ಮುಟ್ಟದ ಹಡಗಿಗೆ ಈ ರಕ್ಷಣೆ ಅನ್ವಯವಾಗದು ಎಂಬುದನ್ನೂ ನೆನಪಿಡಬೇಕು.

ಬಿದ್ದದ್ದಷ್ಟೇ ಸಾಲದು

ಹಡಗಿನಲ್ಲಿ ಗಾಯವಾಯಿತು ಎಂದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ಪ್ರಯಾಣಿಕರ ಬಗ್ಗೆ ಸಂದರ್ಭಕ್ಕೆ ತಕ್ಕ ಎಚ್ಚರ ವಹಿಸುವುದು ಹಡಗಿನ ಮಾಲೀಕರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1959ರ ಕೆರ್ಮಾರೆಕ್ ಪ್ರಕರಣದಲ್ಲಿ ಹೇಳಿತು. ಮಾಲೀಕರು ಪ್ರಯಾಣಿಕರ ಪಾಲಿನ ವಿಮಾ ಕಂಪೆನಿಯಲ್ಲ. ಅವರು ಆ ಕರ್ತವ್ಯದಲ್ಲಿ ತಪ್ಪಿದರು, ಆ ತಪ್ಪಿನಿಂದಲೇ ಗಾಯವಾಯಿತು ಎಂದು ಸಾಬೀತುಪಡಿಸುವ ಭಾರ ಗಾಯಗೊಂಡವರ ಮೇಲಿದೆ.

ಈ ದಾರಿಯಲ್ಲಿನ ಅತಿ ದೊಡ್ಡ ಅಡಚಣೆ, ಅಪಾಯದ ಬಗ್ಗೆ ಕಂಪೆನಿಗೆ ಮೊದಲೇ ಅರಿವಿತ್ತೇ ಎಂಬ ಪ್ರಶ್ನೆ. ಊಟದ ಸಭಾಂಗಣದಲ್ಲಿ ಚೆಲ್ಲಿದ ನೀರಿನ ಮೇಲೆ ಒಬ್ಬರು ಜಾರಿದರು ಎನ್ನೋಣ. ನೀರು ಚೆಲ್ಲಿ ಅರ್ಧ ನಿಮಿಷವಾಗಿತ್ತೇ, ಅರ್ಧ ಗಂಟೆಯಾಗಿತ್ತೇ? ಸಿಬ್ಬಂದಿ ಕಂಡಿದ್ದರೇ? ಅದೇ ಜಾಗದಲ್ಲಿ ಹಿಂದೆಯೂ ಯಾರಾದರೂ ಬಿದ್ದಿದ್ದರೇ? ಕಂಪೆನಿಗೆ ತಿಳಿದಿತ್ತು, ಅಥವಾ ತಿಳಿದಿರಲೇಬೇಕಾಗಿತ್ತು ಎಂದು ತೋರಿಸಲಾಗದಿದ್ದರೆ ದಾವೆ ಬಿದ್ದುಹೋಗುತ್ತದೆ. ಫ್ಲಾರಿಡಾವನ್ನು ಒಳಗೊಂಡ ಹನ್ನೊಂದನೆಯ ವಲಯದ ಮೇಲ್ಮನವಿ ನ್ಯಾಯಾಲಯ 1989ರಿಂದ ಪಾಲಿಸುತ್ತ ಬಂದಿರುವ ಸೂತ್ರವಿದು.

ಇತ್ತೀಚಿನ ತೀರ್ಪುಗಳು ಈ ಗಂಟನ್ನು ಸ್ವಲ್ಪ ಸಡಿಲಿಸಿವೆ. ಮೆಟ್ಟಿಲ ಬಳಿ 'ಹೆಜ್ಜೆಯ ಮೇಲೆ ಗಮನವಿರಲಿ' ಎಂಬ ಫಲಕ ಹಾಕಿದ್ದರೆ, ಅಲ್ಲಿ ಅಪಾಯವಿದೆ ಎಂಬುದು ಕಂಪೆನಿಗೆ ಗೊತ್ತಿತ್ತು ಎನ್ನಲು ಆ ಫಲಕವೇ ಸಾಕ್ಷಿಯಾಗಬಲ್ಲದು ಎಂದು ಅದೇ ನ್ಯಾಯಾಲಯ 2019ರಲ್ಲಿ ಹೇಳಿತು. 2021ರ ಇನ್ನೊಂದು ಪ್ರಕರಣದಲ್ಲಿ, ಹಡಗಿನ ನೃತ್ಯ ಸ್ಪರ್ಧೆಯಲ್ಲಿ ಸಿಬ್ಬಂದಿಯೊಬ್ಬರ ಜೊತೆ ಹೆಜ್ಜೆ ಹಾಕುತ್ತಿದ್ದ ಪ್ರಯಾಣಿಕರು ಬಿದ್ದು ಗಾಯಗೊಂಡಿದ್ದರು. ಸಿಬ್ಬಂದಿಯ ನೇರ ನಿರ್ಲಕ್ಷ್ಯಕ್ಕೆ ಕಂಪೆನಿಯನ್ನು ಹೊಣೆ ಮಾಡುವಾಗ, ಅಪಾಯ ಮೊದಲೇ ತಿಳಿದಿತ್ತೆಂದು ಸಾಬೀತುಪಡಿಸುವ ಅಗತ್ಯವಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಪ್ರಯಾಣಿಕರ ತಪ್ಪೂ ತಕ್ಕಡಿಗೆ ಬರುತ್ತದೆ. ಪಾನಮತ್ತರಾಗಿದ್ದರೇ, ಎಚ್ಚರಿಕೆಯನ್ನು ಕಡೆಗಣಿಸಿದ್ದರೇ ಎಂಬುದನ್ನೆಲ್ಲ ನೋಡಿ ತಪ್ಪಿನ ಪಾಲನ್ನು ಶೇಕಡಾವಾರು ಹಂಚಲಾಗುತ್ತದೆ. ಪ್ರಯಾಣಿಕರದು ಶೇ. 30ರಷ್ಟು ತಪ್ಪು ಎಂದು ತೀರ್ಮಾನವಾದರೆ ಪರಿಹಾರದ ಮೊತ್ತದಲ್ಲಿ ಅಷ್ಟು ಕಡಿತವಾಗುತ್ತದೆ. ಪೂರ್ತಿ ದಾವೆ ಕೈಬಿಟ್ಟು ಹೋಗುವುದಿಲ್ಲ.

ಹಡಗಿನ ವೈದ್ಯರು ಯಾರ ನೌಕರರು?

ನೆಲದ ಮೇಲಿದ್ದರೆ ಒಂದು ಆಸ್ಪತ್ರೆ ಬೇಡವೆಂದು ಇನ್ನೊಂದಕ್ಕೆ ಹೋಗಬಹುದು. ಸಮುದ್ರದ ನಡುವೆ ಇರುವುದು ಹಡಗಿನ ವೈದ್ಯಕೀಯ ಕೇಂದ್ರ ಒಂದೇ. ಅಲ್ಲಿನ ವೈದ್ಯರು ಎಡವಿದರೆ ಹೊಣೆ ಯಾರದು? ವೈದ್ಯರು ಸ್ವತಂತ್ರ ವೃತ್ತಿಪರರು, ಅವರ ಚಿಕಿತ್ಸೆಯ ಮೇಲೆ ತಮಗೆ ಹಿಡಿತವಿಲ್ಲ ಎಂದು ಕಂಪೆನಿಗಳು ಬಹುಕಾಲ ವಾದಿಸುತ್ತ ಬಂದವು. 1988ರ ಬಾರ್ಬೆಟಾ ಪ್ರಕರಣದ ತೀರ್ಪು ಸೇರಿದಂತೆ ಅನೇಕ ತೀರ್ಪುಗಳು ಈ ವಾದವನ್ನು ಒಪ್ಪಿದ್ದವು.

2014ರಲ್ಲಿ ಚಿತ್ರ ಬದಲಾಯಿತು. ಬರ್ಮುಡಾದಲ್ಲಿ ಹಡಗು ನಿಂತಿದ್ದಾಗ ವಯಸ್ಸಾದ ಪ್ರಯಾಣಿಕರೊಬ್ಬರು ಬಂದರಿನಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಹಡಗಿನ ವೈದ್ಯಕೀಯ ಕೇಂದ್ರದ ದಾದಿ ಪೆಟ್ಟಿನ ತೀವ್ರತೆಯನ್ನು ಗುರುತಿಸಲಿಲ್ಲ, ವೈದ್ಯರ ತಪಾಸಣೆ ತಡವಾಯಿತು ಎಂಬುದು ಕುಟುಂಬದ ಆರೋಪ. ಸುಮಾರು ಒಂದು ವಾರದಲ್ಲಿ ಅವರು ತೀರಿಕೊಂಡರು. ಫ್ರಾಂಜಾ ಪ್ರಕರಣವೆಂದು ಕರೆಯಲಾಗುವ ಈ ದಾವೆಯಲ್ಲಿ ಹನ್ನೊಂದನೆಯ ವಲಯದ ನ್ಯಾಯಾಲಯ ಹಳೆಯ ನಿಯಮವನ್ನು ಕೈಬಿಟ್ಟಿತು. ಹಡಗಿನ ಸಮವಸ್ತ್ರ ತೊಟ್ಟು, ಹಡಗಿನ ಕೇಂದ್ರದಲ್ಲಿ ಕೂತು, ಕಂಪೆನಿಯ ಪರವಾಗಿ ಸೇವೆ ನೀಡುವ ವೈದ್ಯರು ಮತ್ತು ದಾದಿಯರ ನಿರ್ಲಕ್ಷ್ಯಕ್ಕೆ ಕಂಪೆನಿಯೂ ಹೊಣೆಯಾಗಬಹುದು ಎಂದಿತು. ಟಿಕೆಟ್ಟಿನಲ್ಲಿ ವೈದ್ಯರು ಸ್ವತಂತ್ರ ಗುತ್ತಿಗೆದಾರರು ಎಂದು ಬರೆದಿದ್ದ ಮಾತ್ರಕ್ಕೆ ದಾವೆ ಅಲ್ಲಿಗೇ ಮುಗಿಯಬೇಕಿಲ್ಲ.

ದಡಕ್ಕಿಳಿದ ಮೇಲೆ ಆಗುವ ಅಪಘಾತಗಳದು ಇನ್ನೊಂದು ಬಗೆ. ಬಂದರುಗಳಲ್ಲಿ ನಡೆಸುವ ವಿಹಾರ, ಈಜು, ಜೀಪ್ ಸವಾರಿಗಳನ್ನು ಹಡಗಿನಲ್ಲಿಯೇ ಮಾರುತ್ತಾರೆ, ನಡೆಸುವವರು ಸ್ಥಳೀಯ ಗುತ್ತಿಗೆದಾರರು. ಅವರ ತಪ್ಪಿಗೆ ತಾವು ಹೊಣೆಯಲ್ಲ ಎಂಬ ಷರತ್ತು ಸಾಮಾನ್ಯವಾಗಿರುತ್ತದೆ. ಆದರೆ ಪ್ರಯಾಣಿಕರು ಹೋಗುವರೆಂದು ಗೊತ್ತಿರುವ ಸ್ಥಳದಲ್ಲಿ ಅಪಾಯವಿರುವುದು ತಿಳಿದಿದ್ದರೆ ಎಚ್ಚರಿಸುವುದು ಕಂಪೆನಿಯ ಕರ್ತವ್ಯ ಎಂದು 2012ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಸೇಂಟ್ ಥಾಮಸ್ ದ್ವೀಪದಲ್ಲಿ ಗುಂಪುಗಳ ಗುಂಡಿನ ಕಾಳಗದ ನಡುವೆ ಸಿಕ್ಕಿ ಬಾಲಕಿಯೊಬ್ಬಳು ಸಾವಿಗೀಡಾದ ಪ್ರಕರಣವದು.

ಪ್ರಾಣ ಹೋದರೆ ಪರಿಹಾರ ಕಡಿಮೆ!

ವಿಚಿತ್ರವೆನಿಸಿದರೂ ಇದು ವಾಸ್ತವ. ಅಮೆರಿಕದ ತೀರದಿಂದ ಮೂರು ನಾಟಿಕಲ್ ಮೈಲಿಗಳಾಚೆ ಸಂಭವಿಸುವ ಸಾವುಗಳಿಗೆ 1920ರ ಮುಕ್ತಸಾಗರ ಮರಣ ಕಾಯಿದೆ ಅನ್ವಯಿಸುತ್ತದೆ. ಇದರಡಿ ಕುಟುಂಬಕ್ಕೆ ಸಿಗುವುದು ಆರ್ಥಿಕ ನಷ್ಟದ ಪರಿಹಾರ ಮಾತ್ರ, ಅಂದರೆ ಮೃತರು ಬದುಕಿದ್ದರೆ ಕುಟುಂಬಕ್ಕೆ ಒದಗುತ್ತಿದ್ದ ಸಂಪಾದನೆ ಇತ್ಯಾದಿ. ಅಗಲಿಕೆಯ ನೋವಿಗೆ, ಒಡನಾಟ ಕಳೆದುಕೊಂಡದ್ದಕ್ಕೆ ಬೆಲೆಯಿಲ್ಲ. ನಿವೃತ್ತರಾದ ಹಿರಿಯರೋ ಸಂಪಾದನೆಯಿಲ್ಲದ ಮಗುವೋ ಮೃತಪಟ್ಟರೆ ಲೆಕ್ಕಕ್ಕೆ ಸಿಗುವ ನಷ್ಟ ತೀರಾ ಅಲ್ಪ. 2000ನೇ ಇಸವಿಯಲ್ಲಿ ಈ ಕಾಯಿದೆಗೆ ತಿದ್ದುಪಡಿ ತಂದು, 12 ನಾಟಿಕಲ್ ಮೈಲಿಗಳಾಚೆ ಸಮುದ್ರಕ್ಕೆ ಬೀಳುವ ವಾಣಿಜ್ಯ ವಿಮಾನಗಳ ಪ್ರಯಾಣಿಕರ ಕುಟುಂಬಗಳಿಗೆ ಒಡನಾಟದ ನಷ್ಟಕ್ಕೂ ಪರಿಹಾರದ ಹಕ್ಕು ನೀಡಲಾಯಿತು. ಹಡಗಿನ ಪ್ರಯಾಣಿಕರಿಗೆ ಆ ತಿದ್ದುಪಡಿ ಅನ್ವಯಿಸಲಿಲ್ಲ.

2010ರಲ್ಲಿ ಬಂದ ವಿಹಾರ ನೌಕೆಗಳ ಭದ್ರತೆ ಮತ್ತು ಸುರಕ್ಷತಾ ಕಾಯಿದೆ ಬೇರೊಂದು ದಿಕ್ಕಿನಲ್ಲಿ ನೆರವಾಗಿದೆ. ಹಡಗಿನ ಅಂಚಿನ ಕಟಾಂಜನ ಕನಿಷ್ಠ 42 ಅಂಗುಲ ಎತ್ತರವಿರಬೇಕು, ಗಂಭೀರ ಅಪರಾಧಗಳನ್ನು ಎಫ್‌ಬಿಐಗೆ ವರದಿ ಮಾಡಬೇಕು ಎಂಬಂಥ ನಿಯಮಗಳನ್ನು ಅದು ವಿಧಿಸಿದೆ.

ಯುರೋಪಿನ ದಾರಿ ಬೇರೆ

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿತು. ಹಡಗಿನಲ್ಲಿದ್ದ 4,200ಕ್ಕೂ ಹೆಚ್ಚು ಮಂದಿಯ ಪೈಕಿ 32 ಜನ ಸತ್ತರು. ಕಟ್ಟಕಡೆಗೆ, 2014ರ ನವೆಂಬರಿನಲ್ಲಿ ಸಿಕ್ಕಿದ ದೇಹ ಭಾರತೀಯ ಸಿಬ್ಬಂದಿಯೊಬ್ಬರದು. ಕ್ಯಾಪ್ಟನ್ ಫ್ರಾನ್ಸೆಸ್ಕೊ ಸ್ಕೆಟ್ಟಿನೊಗೆ 2015ರಲ್ಲಿ 16 ವರ್ಷಗಳ ಶಿಕ್ಷೆಯಾಯಿತು. ದೈಹಿಕವಾಗಿ ಗಾಯಗೊಳ್ಳದ ಪ್ರಯಾಣಿಕರಿಗೆ ತಲಾ 11,000 ಯೂರೊ ಕೊಡುವುದಾಗಿ ಕಂಪೆನಿ ಮುಂದಾಯಿತು.

ಆ ದುರಂತ ನಡೆದ ವರ್ಷದ ಕೊನೆಯ ದಿನ, 2012ರ ಡಿಸೆಂಬರ್ 31ರಿಂದ, ಯುರೋಪಿಯನ್ ಒಕ್ಕೂಟದಲ್ಲಿ ಹೊಸ ನಿಯಮಾವಳಿ ಜಾರಿಗೆ ಬಂತು. ಅದರ ಮೂಲ 1974ರ ಅಥೆನ್ಸ್ ಒಪ್ಪಂದ ಮತ್ತು ಅದಕ್ಕೆ 2002ರಲ್ಲಿ ಮಾಡಿದ ತಿದ್ದುಪಡಿ. ಆ ತಿದ್ದುಪಡಿ ಅಂತರರಾಷ್ಟ್ರೀಯವಾಗಿ ಜಾರಿಗೆ ಬಂದದ್ದು 2014ರ ಏಪ್ರಿಲ್ 23ರಂದು.

ಅಥೆನ್ಸ್ ಒಪ್ಪಂದ ಅಪಘಾತಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಹಡಗು ಮುಳುಗುವುದು, ಮಗುಚುವುದು, ಡಿಕ್ಕಿಯಾಗುವುದು, ನೆಲ ಕಚ್ಚುವುದು, ಬೆಂಕಿ, ಸ್ಫೋಟ, ಹಡಗಿನಲ್ಲಿನ ದೋಷ ಇವೆಲ್ಲ ನೌಕಾ ದುರ್ಘಟನೆಗಳು. ಇವುಗಳಲ್ಲಿ ಪ್ರಯಾಣಿಕರು ಯಾರ ತಪ್ಪನ್ನೂ ಸಾಬೀತುಪಡಿಸಬೇಕಿಲ್ಲ. ಯುದ್ಧ, ಅಸಾಧಾರಣ ಪ್ರಕೃತಿ ವಿಕೋಪದಂಥ ಕೆಲವು ಅಪವಾದಗಳನ್ನು ಬಿಟ್ಟರೆ ತಲಾ 2,50,000 ಎಸ್‌ಡಿಆರ್‌ವರೆಗೆ ಕಂಪೆನಿ ಹೊಣೆ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಅದರ ಬೆಲೆ ಒಂದು ಡಾಲರಿಗಿಂತ ಹೆಚ್ಚು. ಅದಕ್ಕೂ ಮೀರಿದ ನಷ್ಟಕ್ಕೆ, ತಾನು ತಪ್ಪು ಮಾಡಿಲ್ಲವೆಂದು ಕಂಪೆನಿ ತೋರಿಸದಿದ್ದರೆ, ತಲಾ 4,00,000 ಎಸ್‌ಡಿಆರ್‌ವರೆಗೆ ಹೊಣೆ ವಿಸ್ತರಿಸುತ್ತದೆ. ಜಾರಿ ಬೀಳುವಂಥ ಸಾಮಾನ್ಯ ಅಪಘಾತ ಎರಡನೆಯ ಬಗೆ. ಅಲ್ಲಿ ಕಂಪೆನಿಯ ತಪ್ಪನ್ನು ಪ್ರಯಾಣಿಕರೇ ತೋರಿಸಬೇಕು.

ದಾವೆಯ ಕಾಲಮಿತಿ ಇಲ್ಲಿ ಎರಡು ವರ್ಷ. ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಯಾನ ಹೊರಟ ಅಥವಾ ಮುಗಿಯುವ ಸ್ಥಳ, ಕಂಪೆನಿಯ ಮುಖ್ಯ ಕಚೇರಿ, ಕಂಪೆನಿಗೆ ಅಲ್ಲಿ ವ್ಯವಹಾರದ ನೆಲೆಯಿದ್ದರೆ ಪ್ರಯಾಣಿಕರ ಸ್ವಂತ ನೆಲೆ, ಇವುಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು. ಅಪಘಾತವಾದ ಮೇಲೆ ಒಪ್ಪಿಕೊಂಡರೆ ಬೇರೆ ಮಾತು, ಟಿಕೆಟ್ಟಿನ ಷರತ್ತಿನಿಂದ ಈ ಆಯ್ಕೆಯನ್ನು ಮೊದಲೇ ಕಿತ್ತುಕೊಳ್ಳುವಂತಿಲ್ಲ. ಶೂಟ್ ತೀರ್ಪಿಗೂ ಇದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟ. ಯುರೋಪಿನ ನಿಯಮಾವಳಿಯ ಪ್ರಕಾರ ನೌಕಾ ದುರ್ಘಟನೆಯಲ್ಲಿ ಸಾವು ನೋವಾದರೆ ತುರ್ತು ಖರ್ಚಿಗೆಂದು 15 ದಿನಗಳೊಳಗೆ ಮುಂಗಡ ಹಣ ಕೊಡಬೇಕು. ಸಾವಿನ ಪ್ರಕರಣದಲ್ಲಿ ಅದು 21,000 ಯೂರೊಗಿಂತ ಕಡಿಮೆಯಿರುವಂತಿಲ್ಲ.

ಭಾರತದಲ್ಲಿ ಏನು ದಾರಿ?

ಬೆಂಗಳೂರಿನಲ್ಲಿ ಕುಳಿತು ಪ್ಯಾಕೇಜ್ ಕೊಂಡು, ವಿದೇಶದ ಸಮುದ್ರದಲ್ಲಿ ಗಾಯಗೊಂಡು ಮರಳಿದವರಿಗೆ ಇಲ್ಲಿಯೂ ಎರಡು ಬಾಗಿಲುಗಳಿವೆ.

ಮೊದಲನೆಯದು ಗ್ರಾಹಕರ ಆಯೋಗ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲಿಯೇ ದೂರು ಸಲ್ಲಿಸಲು ಅವಕಾಶ ನೀಡಿದೆ. ಸೇವೆಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಕಾಲಮಿತಿ ಎರಡು ವರ್ಷ. ವಕೀಲರಿಲ್ಲದೆ ಸ್ವತಃ ವಾದಿಸಬಹುದು. ಗ್ರಾಹಕ ಕಾಯಿದೆಯ ಪರಿಹಾರ ಬೇರೆ ಕಾನೂನುಗಳ ಜೊತೆಗೆ ಹೆಚ್ಚುವರಿಯಾಗಿ ಲಭ್ಯವಿರುವಂಥದು. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದ ಮಾತ್ರಕ್ಕೆ ಗ್ರಾಹಕರ ದೂರು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ. ಪ್ರಾಥಮಿಕ ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ಯಾಕೇಜ್ ಮಾರಿದ ಸಂಸ್ಥೆಗೆ ಇಲ್ಲಿ ಕಚೇರಿಯಿದ್ದರೆ ಆದೇಶ ಜಾರಿಯಾಗುವುದು ಸುಲಭ. ಆದರೆ ಆ ಸಂಸ್ಥೆಯ ಸೇವೆಯಲ್ಲಿಯೇ ಲೋಪವಿತ್ತೆಂದು ತೋರಿಸಬೇಕು. ಇಲ್ಲಿ ಆಸ್ತಿಯನ್ನೂ ಕಚೇರಿಯನ್ನೂ ಹೊಂದಿರದ ವಿದೇಶಿ ಕಂಪೆನಿಯ ವಿರುದ್ಧ ಆದೇಶ ಸಿಕ್ಕರೂ ಹಣ ಕೈಗೆ ಬರುವುದು ಕಷ್ಟ. ಆದ್ದರಿಂದ ಗಾಯ ದೊಡ್ಡದಾಗಿದ್ದರೆ, ಇಲ್ಲಿನ ದೂರನ್ನು ನಂಬಿ ಟಿಕೆಟ್ಟಿನಲ್ಲಿ ಹೇಳಿದ ವಿದೇಶಿ ಗಡುವನ್ನು ಕಳೆದುಕೊಳ್ಳಬಾರದು.

ಎರಡನೆಯ ಬಾಗಿಲು ಹೈಕೋರ್ಟ್. 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2017ರ ನೌಕಾ ನ್ಯಾಯವ್ಯಾಪ್ತಿ ಕಾಯಿದೆಯು ಬ್ರಿಟಿಷರ ಕಾಲದ ಹಳೆಯ ಶಾಸನಗಳನ್ನು ತೆಗೆದುಹಾಕಿ, ಕರಾವಳಿ ರಾಜ್ಯಗಳ ಹೈಕೋರ್ಟುಗಳಿಗೆ ಹಡಗುಗಳ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರ ನೀಡಿತು. ಕರ್ನಾಟಕ ಹೈಕೋರ್ಟ್ ಕೂಡ ಆ ಪಟ್ಟಿಯಲ್ಲಿದೆ. ಹಡಗಿನ ನಿರ್ವಹಣೆಗೆ ನೇರ ಸಂಬಂಧವಿರುವ ಸಾವು ಅಥವಾ ದೈಹಿಕ ಗಾಯದ ಬಗ್ಗೆ ಇಲ್ಲಿ ದಾವೆ ಹೂಡಬಹುದು. ಮಾಲೀಕರು ಯಾವ ದೇಶದವರೇ ಆಗಿರಲಿ, ಹಡಗು ರಾಜ್ಯದ ಜಲವ್ಯಾಪ್ತಿಯೊಳಗಿದ್ದರೆ ಅದನ್ನು ಜಪ್ತಿ ಮಾಡಿ ಭದ್ರತಾ ಠೇವಣಿ ಪಡೆಯಲು ನ್ಯಾಯಾಲಯ ಆದೇಶಿಸಬಲ್ಲದು. ಪಣಂಬೂರಿನ ನವ ಮಂಗಳೂರು ಬಂದರಿಗೆ ವಿದೇಶಿ ವಿಹಾರ ನೌಕೆಗಳು ಬಂದುಹೋಗುವುದರಿಂದ ಇದು ಬರಿಯ ಪುಸ್ತಕದ ಮಾತಲ್ಲ.

ಈ ಕಾಯಿದೆಯಡಿ ಸಾವು ಮತ್ತು ಗಾಯದ ಹಕ್ಕು ಹಡಗಿನ ಮೇಲಿನ ಋಣಭಾರವಾಗಿ ಅಂಟಿಕೊಳ್ಳುತ್ತದೆ. ಹಡಗು ಬೇರೆಯವರಿಗೆ ಮಾರಾಟವಾದರೂ ಅದು ಹಿಂಬಾಲಿಸುತ್ತದೆ. ಆದ್ಯತೆಯಲ್ಲಿ ಅದಕ್ಕಿಂತ ಮುಂದಿರುವುದು ನಾವಿಕರ ಸಂಬಳದ ಬಾಕಿ ಮಾತ್ರ. ಆದರೆ ಈ ಋಣಭಾರದ ಆಯುಷ್ಯವೂ ಒಂದೇ ವರ್ಷ. ಮತ್ತೆ ಅದೇ ಗಡುವು! ಟಿಕೆಟ್ಟಿನಲ್ಲಿ ವಿದೇಶಿ ನ್ಯಾಯಾಲಯದ ಷರತ್ತಿದ್ದರೆ ಕಂಪೆನಿ ಅದನ್ನು ಮುಂದಿಟ್ಟು ಆಕ್ಷೇಪಿಸುವುದು ಖಚಿತ. ಹೀಗಾಗಿ ಹಡಗುಗಳ ವ್ಯಾಜ್ಯದಲ್ಲಿ ಅನುಭವವಿರುವ ವಕೀಲರ ಸಲಹೆ ಇಲ್ಲಿ ಅನಿವಾರ್ಯ.

ಕರಾವಳಿಯ ಅನೇಕ ಯುವಕರು ಇಂಥ ಹಡಗುಗಳಲ್ಲಿ ನೌಕರಿ ಮಾಡುತ್ತಾರೆ. ಅವರು ಪ್ರಯಾಣಿಕರಲ್ಲ. ನಾವಿಕರಿಗೆ ಅನ್ವಯಿಸುವ ಕಾನೂನು, ನೌಕರಿ ಕರಾರು ಎರಡೂ ಬೇರೆ. ಮೇಲಿನ ನಿಯಮಗಳನ್ನು ಅವರಿಗೆ ಹೊಂದಿಸಿ ನೋಡಬಾರದು.

ವಕೀಲರು ಮತ್ತು ಶುಲ್ಕ

ಅಮೆರಿಕದಲ್ಲಿ ಗಾಯದ ಪ್ರಕರಣಗಳನ್ನು ವಕೀಲರು ಸಾಮಾನ್ಯವಾಗಿ ಗೆದ್ದರಷ್ಟೇ ಶುಲ್ಕ ಎಂಬ ಒಪ್ಪಂದದ ಮೇಲೆ ನಡೆಸುತ್ತಾರೆ. ಫ್ಲಾರಿಡಾದ ವಕೀಲರ ಪರಿಷತ್ತಿನ ನಿಯಮದಲ್ಲಿ ಹತ್ತು ಲಕ್ಷ ಡಾಲರ್‌ವರೆಗಿನ ವಸೂಲಿಗೆ, ಕಂಪೆನಿ ನ್ಯಾಯಾಲಯದಲ್ಲಿ ಉತ್ತರ ಸಲ್ಲಿಸುವ ಮುನ್ನ ಇತ್ಯರ್ಥವಾದರೆ ಮೂರನೇ ಒಂದು ಪಾಲು, ಆನಂತರ ಶೇ. 40 ಎಂಬ ಮಿತಿಯಿದೆ. ಒಪ್ಪಂದ ಲಿಖಿತವಾಗಿರಬೇಕು. ತಜ್ಞರ ಸಾಕ್ಷ್ಯ, ದಾಖಲೆ ಇತ್ಯಾದಿ ಖರ್ಚು ಶುಲ್ಕದ ಹೊರಗೋ ಒಳಗೋ, ಸೋತರೆ ಅದನ್ನು ಯಾರು ಭರಿಸಬೇಕು ಎಂಬುದನ್ನು ಸಹಿಗೆ ಮೊದಲೇ ಕೇಳಿಕೊಳ್ಳಬೇಕು. ನೌಕಾ ಕಾನೂನಿನಲ್ಲಿ ಪರಿಣತಿ ಪಡೆದವರಿಗೆ ಅದೇ ಪರಿಷತ್ತು ಪ್ರತ್ಯೇಕ ಪ್ರಮಾಣಪತ್ರ ನೀಡುತ್ತದೆ. ವಕೀಲರನ್ನು ಆರಿಸುವಾಗ ಅದನ್ನು ವಿಚಾರಿಸುವುದು ಜಾಣತನ.

ಭಾರತದಲ್ಲಿ ಇಂಥ ಪಾಲುದಾರಿ ಶುಲ್ಕಕ್ಕೆ ಅವಕಾಶವಿಲ್ಲ, ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಅದನ್ನು ನಿಷೇಧಿಸಿವೆ. ಇದಕ್ಕೆ ಪ್ರತಿಯಾಗಿ ಇಲ್ಲಿ ಉಚಿತ ಕಾನೂನು ನೆರವಿನ ವ್ಯವಸ್ಥೆಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ವರಮಾನದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು. ಪ್ರತಿ ಜಿಲ್ಲೆಯಲ್ಲಿಯೂ ಈ ಪ್ರಾಧಿಕಾರದ ಕಚೇರಿಯಿದೆ.

ಗಾಯವಾದ ದಿನವೇ ಮಾಡಬೇಕಾದ ಕೆಲಸಗಳು

* ಹಡಗಿನ ಸಿಬ್ಬಂದಿಗೆ ತಿಳಿಸಿ ಅಪಘಾತದ ವರದಿ ಬರೆಸಬೇಕು, ಪ್ರತಿ ಕೇಳಬೇಕು. ವರದಿಯಲ್ಲಿ ಕಂಡದ್ದನ್ನಷ್ಟೇ ಬರೆಯಬೇಕು. ಹೇಗೆ ತಪ್ಪಿಸಬಹುದಿತ್ತು ಎಂಬಂಥ ಪ್ರಶ್ನೆಗಳಿಗೆ ಊಹೆಯ ಉತ್ತರ ಕೊಡಬಾರದು.

* ಸ್ಥಳದ ಛಾಯಾಚಿತ್ರ ತೆಗೆಯಬೇಕು. ಒದ್ದೆ ನೆಲವನ್ನು ಕ್ಷಣದಲ್ಲಿ ಒರೆಸಿಬಿಡುತ್ತಾರೆ. ಎಚ್ಚರಿಕೆ ಫಲಕವಿತ್ತೇ, ಇರಲಿಲ್ಲವೇ ಎರಡೂ ಮುಖ್ಯ. ಧರಿಸಿದ್ದ ಪಾದರಕ್ಷೆಯನ್ನು ತೊಳೆಯದೆ ಎತ್ತಿಡಬೇಕು.

* ನೋಡಿದವರ ಹೆಸರು, ದೂರವಾಣಿ ಸಂಖ್ಯೆ ಪಡೆಯಬೇಕು. ಯಾನ ಮುಗಿದ ಮೇಲೆ ಅವರು ಲೋಕದ ಯಾವ ಮೂಲೆಯಲ್ಲಿರುತ್ತಾರೋ ಹೇಳಲಾಗದು.

* ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಯ್ದಿಡುವಂತೆ ಕಂಪೆನಿಗೆ ಬೇಗನೆ ಲಿಖಿತವಾಗಿ ಕೋರಬೇಕು. ಕೆಲವು ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಣವಾಗುತ್ತದೆ.

* ಹಡಗಿನ ವೈದ್ಯಕೀಯ ಕೇಂದ್ರದ ದಾಖಲೆ, ಬಿಲ್ಲುಗಳನ್ನು ಪಡೆದು, ದಡ ಸೇರಿದ ಕೂಡಲೇ ಬೇರೆ ವೈದ್ಯರಿಂದ ತಪಾಸಣೆ ಮಾಡಿಸಬೇಕು.

* ಮುಂದಿನ ಯಾನದಲ್ಲಿ ರಿಯಾಯಿತಿ ಅಥವಾ ಅಲ್ಪ ಮೊತ್ತದ ಆಮಿಷಕ್ಕೆ ಒಳಗಾಗಿ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಬಾರದು.

* ಪ್ರಯಾಣ ವಿಮೆಯಿದ್ದರೆ ವಿಮಾ ಕಂಪೆನಿಗೆ ತಕ್ಷಣ ತಿಳಿಸಬೇಕು. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ದುಬಾರಿ. ಪಾಲಿಸಿಯಲ್ಲಿ ಅದು ಸೇರಿದೆಯೇ ಎಂಬುದನ್ನು ಊರು ಬಿಡುವ ಮೊದಲೇ ನೋಡಿರಬೇಕು.

ಶೂಟ್ ದಂಪತಿಯ ಪ್ರಕರಣದಲ್ಲಿ ಚಾಪೆ ಜಾರುವಂತಿತ್ತೇ ಇಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬರಲೇ ಇಲ್ಲ. ಅದಕ್ಕೂ ಮೊದಲೇ ಊರಿನ ಪ್ರಶ್ನೆ ಅವರನ್ನು ತಡೆದು ನಿಲ್ಲಿಸಿತ್ತು. ಇಂದಿನ ಪ್ರಯಾಣಿಕರಿಗೆ ಆ ತೀರ್ಪು ಉಳಿಸಿರುವ ಪಾಠ ಸರಳ. ಟಿಕೆಟ್ ಬಂದ ದಿನವೇ ಅದರಲ್ಲಿ ಎರಡು ಸಂಗತಿಗಳನ್ನು ಹುಡುಕಿ ಗುರುತು ಹಾಕಿಕೊಳ್ಳಬೇಕು: ಯಾವ ಊರಿನ ನ್ಯಾಯಾಲಯ, ಎಷ್ಟು ದಿನಗಳ ಗಡುವು. ದುರದೃಷ್ಟವಶಾತ್ ಗಾಯವಾದರೆ, ಅದೇ ದಿನ ಕ್ಯಾಲೆಂಡರಿನಲ್ಲಿ ಆರನೆಯ ತಿಂಗಳಿಗೂ ಹನ್ನೆರಡನೆಯ ತಿಂಗಳಿಗೂ ಒಂದೊಂದು ಗೆರೆ ಎಳೆದಿಡಬೇಕು.